ಕ್ಷಮಿಸುವ ಕಬ್ಬಿಣ

ಬಸವಂತಪ್ಪ ಮಗನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ನೆದರ್‌ಲ್ಯಾಂಡ್ಸ್‌ನ ವೆಲ್ಡ್‌ಹೋವನ್ ಊರಿನ ಆ ಸಾಲುಮನೆಯಲ್ಲಿ ಊಟದ ಮೇಜು ಒಂದೇ, ಉಪ್ಪಿನಕಾಯಿ ಡಬ್ಬಿ ಒಂದೇ, ಲಾಕ್‌ಡೌನ್ ಪುಣ್ಯದಿಂದ ದಿನದ ಇಪ್ಪತ್ನಾಲ್ಕು ಗಂಟೆಯೂ ಸೂರು ಒಂದೇ. ಮಾತು ಮಾತ್ರ ಒಂಬತ್ತು ವರ್ಷದ ಅಕ್ಷಯಾಳ ಮೂಲಕ ಸುತ್ತಿ ಬಳಸಿ ಹೋಗಬೇಕಿತ್ತು.

“ಯವ್ವಾ, ಸಾರು ಸಪ್ಪಗಾಗೇತಿ. ಉಪ್ಪು ಇತ್ತಾಗ ಕೊಡಂತ ನಿಮ್ಮಪ್ಪಗ ಹೇಳು.”

“ಪಪ್ಪಾ, ಅಜ್ಜನಿಗೆ ಸಾಲ್ಟ್ ಬೇಕಂತೆ.”

ನಿತಿನ್ ಉಪ್ಪಿನ ಡಬ್ಬಿಯನ್ನು ಮಗಳ ಕೈಗೆ ಕೊಡುತ್ತಿದ್ದ, ಮಗಳು ಅಜ್ಜನ ಕೈಗೆ ದಾಟಿಸುತ್ತಿದ್ದಳು. ಅಪ್ಪ ಮಗನ ನಡುವೆ ಇದ್ದದ್ದು ಎರಡು ಮೊಳ ಜಾಗ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಬಸವಂತಪ್ಪ, ಹೆಂಡತಿ ಗಿರಿಜಮ್ಮ ಇಬ್ಬರೂ ಮೂರು ತಿಂಗಳು ಮೊಮ್ಮಗಳ ಜೊತೆ ಇದ್ದು ಹೋಗೋಣವೆಂದು ೨೦೨೦ರ ಫೆಬ್ರವರಿಯಲ್ಲಿ ಬೆಳಗಾವಿಯಿಂದ ಬಂದವರು. ಬಂದ ತಿಂಗಳಿಗೆ ಲೋಕವೇ ಬಾಗಿಲು ಹಾಕಿಕೊಂಡಿತು. ಕೊನೆಗೆ ನವೆಂಬರ್ ಇಪ್ಪತ್ತರ ಟಿಕೆಟ್ ಸಿಕ್ಕಿ, ಗಿರಿಜಮ್ಮ ತಿಂಗಳ ಮೊದಲೇ ಚೀಲ ಕಟ್ಟಿಟ್ಟರು. ಅಕ್ಟೋಬರ್‌ನ ಕೊನೆಯ ಭಾನುವಾರ ನಿತಿನ್ ತನ್ನ ಮ್ಯಾನೇಜರ್ ಯೋಸ್ಟ್‌ನ ಕಾರಿನಲ್ಲಿ ಕೂತು ಗಾಲ್ಫ್ ಆಡಲು ಹೋದ. ಯೋಸ್ಟ್ ದಾರಿಯುದ್ದಕ್ಕೂ ಮೂಗು ಒರೆಸಿಕೊಳ್ಳುತ್ತಿದ್ದನಂತೆ. ಸೋಮವಾರ ನಿತಿನ್‌ಗೆ ಕೆಮ್ಮು, ಮಂಗಳವಾರ ತಾಯಿಗೆ ಜ್ವರ. ಪರೀಕ್ಷೆ ಮಾಡಿಸಿದರೆ ಮನೆಯ ಐದು ಜನಕ್ಕೂ ಕೊರೊನಾ. ನಾಲ್ವರು ಎದ್ದು ಕೂತರು. ಗಿರಿಜಮ್ಮ ಆಸ್ಪತ್ರೆಯಲ್ಲಿ ಹನ್ನೊಂದನೆಯ ದಿನ ತೀರಿಕೊಂಡರು.

ಒಳಗೆ ಬಿಟ್ಟದ್ದು ಒಬ್ಬರನ್ನು ಮಾತ್ರ. ಡಚ್ ಬರುತ್ತದೆಂದು ನಿತಿನ್ ಹೋಗಿದ್ದ. ಆಮ್ಲಜನಕದ ಮುಖವಾಡ ಸರಿಸಿ ತಾಯಿ ಒಂದೇ ಮಾತು ಹೇಳಿದ್ದರು: “ನಿಮ್ಮಪ್ಪಗ ಏನೂ ಅನಬ್ಯಾಡ.” ಅಪ್ಪ ಸಿಟ್ಟಿನಲ್ಲಿ ಬೈದರೂ ಎದುರಾಡಬೇಡ ಎಂದು ಅವನು ಅರ್ಥ ಮಾಡಿಕೊಂಡ. ಅಪ್ಪ ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

ಲಿಂಗಾಯತರಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಇಲ್ಲಿ ಗಿರಿಜಮ್ಮನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು, ಪೆಟ್ಟಿಗೆ ತೆರೆಯಲಿಲ್ಲ. ಬಸವಂತಪ್ಪ ಮುಚ್ಚಳದ ಮೇಲೆಯೇ ವಿಭೂತಿ ಹಚ್ಚಿದರು. ಆಮೇಲೆ ನವೆಂಬರ್ ಇಪ್ಪತ್ತರ ವಿಮಾನವನ್ನು ಅವರು ಹತ್ತಲಿಲ್ಲ. “ಅಕಿನ್ನ ಇಲ್ಲಿ ಬಿಟ್ಟು ಹ್ಯಾಂಗ ಹೋಗ್ಲಿ?” ಎಂದು ಸೊಸೆಗೆ ಹೇಳಿದರು. ದಿನಾ ಬೆಳಿಗ್ಗೆ ನಡೆದು ಹೋಗಿ ಸ್ಮಶಾನದಲ್ಲಿ ಅರ್ಧ ಗಂಟೆ ನಿಂತು ಬರುವುದು, ಬಂದು ಹಾಲಿನ ಪಾತ್ರೆ ತೊಳೆದಿಡುವುದು, ಮೊಮ್ಮಗಳಿಗೆ ಜಡೆ ಹಾಕುವುದು. ಊಟದ ಹೊತ್ತು ಬಿಟ್ಟರೆ ಮಗನಿದ್ದ ಕೋಣೆಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯೊಂದು ಹಾಗೇ ಇತ್ತು. ಗಿರಿಜಮ್ಮ ಕಡೆಯ ಸಲ ರೊಟ್ಟಿ ಬಡಿದು ಉಳಿಸಿದ್ದು. ಪಾಸ್ತಾ ತಿಂದು ತಿಂದು ಬಾಯಿ ಕೆಟ್ಟಿದ್ದ ಹೆಂಡತಿಗೆಂದು ಬಸವಂತಪ್ಪ ಆ ಹಿಟ್ಟನ್ನು ಪಕ್ಕದ ಬೀದಿಯ ಹುಬ್ಬಳ್ಳಿಯ ರುದ್ರಪ್ಪನ ಮನೆಯಿಂದ ಕೇಳಿ ತಂದೆನೆಂದು ಹೇಳಿದ್ದರು. ಆವತ್ತು ಶುಕ್ರವಾರ, ಗಿರಿಜಮ್ಮ ತವೆ ನೋಡಿಕೊಳ್ಳಿ ಎಂದು ಹೇಳಿ ಫೋನಿಗೆ ಹೋದರೆ, ರೊಟ್ಟಿ ಸೀದು ಕರಕಾಗಿ ಹೊಗೆಯ ಅಲಾರಂ ಹೊಡೆದುಕೊಂಡಿತು. ಒಲೆಯ ಪಕ್ಕದಲ್ಲೇ ಕೂತಿದ್ದ ಬಸವಂತಪ್ಪನಿಗೆ ಗೊತ್ತೇ ಆಗಿರಲಿಲ್ಲ. “ಫೌಂಡ್ರಿಯಾಗ ನಲವತ್ತು ವರ್ಷ ಮೂಗಿನಿಂದಾನ ಕಬ್ಬಿಣ ಕಾದದ್ದು ಹೇಳ್ತಿದ್ದೆ ಅಂತಾರ, ರೊಟ್ಟಿ ಸೀದದ್ದು ಗೊತ್ತಾಗಲಿಲ್ಲ!” ಎಂದು ಗಿರಿಜಮ್ಮ ಗೇಲಿ ಮಾಡಿದ್ದು ಸೊಸೆ ಸಿಂಧೂರಳಿಗೆ ಇನ್ನೂ ನೆನಪಿತ್ತು. ಆ ನಗುವೇ ಆ ಮನೆಯ ಕಡೆಯ ನಗು.

ಮಾರ್ಚ್ ಬಂತು. ಬಸವಂತಪ್ಪನ ವೀಸಾ ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತಿತ್ತು. ಇನ್ನೊಮ್ಮೆ ಅರ್ಜಿ ಹಾಕಬಹುದಿತ್ತು, ಆದರೆ ಹಾಕಬೇಕಾದವನು ಮಗ, ಕೇಳಬೇಕಾದವರು ಅಪ್ಪ. ನಡುವೆ ಒಂಬತ್ತು ವರ್ಷದ ಹುಡುಗಿ.

ನಿತಿನ್‌ಗೆ ಬೇರೆ ತಲೆಬಿಸಿ. ಚಿಪ್ ಯಂತ್ರಗಳಿಗೆ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನದು ಒಂದು ವರ್ಷದ ಕಾಂಟ್ರ್ಯಾಕ್ಟ್. ಖಾಯಂ ಮಾಡಬೇಕೋ ಬೇಡವೋ ಎಂದು ಯೋಸ್ಟ್ ಏಪ್ರಿಲ್‌ನಲ್ಲಿ ಹೇಳಬೇಕು. ಆಫೀಸು ಮುಚ್ಚಿತ್ತು. ಮುಖ ನೋಡಿ ಮಾತಾಡಲು ಉಳಿದಿದ್ದ ಜಾಗವೆಂದರೆ ಗಾಲ್ಫ್ ಮೈದಾನ. ಅಲ್ಲಿಯೂ ಒಂದು ಸಲಕ್ಕೆ ಇಬ್ಬರೇ. ಯೋಸ್ಟ್ ಫೋನ್ ಮಾಡಿ, “ಬಾ ಮತ್ತೆ, ಆದರೆ ನಿನ್ನ ಆ ಐರನ್‌ಗಳನ್ನು ಬದಲಾಯಿಸು, ಅವು ಪ್ರೊಫೆಷನಲ್‌ಗಳಿಗೆ” ಎಂದ. ಐರನ್ ಎಂದರೆ ಚೆಂಡು ಹೊಡೆಯುವ ಕಬ್ಬಿಣದ ತಲೆಯ ಕೋಲು. ಚೆಂದ ಕಂಡಿತೆಂದು ನಿತಿನ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡದ್ದು ತೆಳ್ಳಗೆ ಫಳಫಳ ಹೊಳೆಯುವ ಜಾತಿ. ಅವುಗಳಲ್ಲಿ ಅವನು ಹೊಡೆದ ಚೆಂಡೆಲ್ಲ ಕೆರೆಗೇ ಹೋಗುತ್ತಿತ್ತು.

ಭಾನುವಾರದ ಊಟಕ್ಕೆ ಚಪಾತಿ, ಬದನೆಕಾಯಿ ಪಲ್ಯ. ನಿತಿನ್ ಒಂದು ಕೈಯಲ್ಲಿ ಫೋನ್ ಹಿಡಿದಿದ್ದ.

“ಊಟದ್ ಹೊತ್ತಲ್ಲೂ ಫೋನಾ?” ಸಿಂಧೂರ ಕೇಳಿದಳು.

“ಐರನ್ಸ್ ನೋಡ್ತಿದೀನಿ.”

ಬಸವಂತಪ್ಪ ಮೊಮ್ಮಗಳ ಕಡೆ ತಿರುಗಿದರು. “ಇಸ್ತ್ರಿ ಪೆಟ್ಟಿಗಿ ಮನ್ಯಾಗ ಐತೆಲ್ಲ. ಇನ್ನೊಂದು ಯಾಕಂತ ಕೇಳು.”

ಅಕ್ಷಯಾ ಕಿಸಕ್ಕನೆ ನಕ್ಕಳು. “ಇಸ್ತ್ರಿದಲ್ಲ ಅಜ್ಜ, ಗಾಲ್ಫ್‌ದು!”

ಸಿಂಧೂರ ಪಲ್ಯದ ಸೌಟನ್ನು ಪಾತ್ರೆಗೆ ಎಸೆದಂತೆ ಇಟ್ಟಳು.

“ಮತ್ತೆ ಗಾಲ್ಫಾ, ನಿತಿನ್? ಆ ಗಾಲ್ಫ್‌ನಿಂದ್ಲೇ ತಾನೇ ಅತ್ತೆ ಹೋಗಿದ್ದು?”

“ಮಗು ಮುಂದೆ ಮಾತಾಡ್ಬೇಡ.”

“ಮಗೂಗೆ ಗೊತ್ತಿಲ್ವಾ? ಎಲ್ರಿಗೂ ಗೊತ್ತು. ನಿಂಗೆ ಮಾತ್ರ ಮರ್ತೋಗಿದೆ.”

“ಕಾಂಟ್ರ್ಯಾಕ್ಟ್ ಹೋದ್ರೆ ಪರ್ಮಿಟ್ ಹೋಗತ್ತೆ. ಆಗ ಅಮ್ಮನ್ನ ಇಲ್ಲೇ ಬಿಟ್ಟು ನಾವೂ ಗಂಟುಮೂಟೆ ಕಟ್ಬೇಕು. ಅದು ನೆನಪಿದೆಯಾ ನಿಂಗೆ?”

ಈ ಜಗಳದ ನಡುವೆ ಅಕ್ಷಯಾ ಫೋನ್ ಎಳೆದುಕೊಂಡು ಅಂಗಡಿಯ ಪುಟವನ್ನು ಓದತೊಡಗಿದ್ದಳು. ಶಾಲೆಯಲ್ಲಿ ಡಚ್ ಓದುವ ಪೈಕಿ ಅವಳು ಮುಂದು. “ಫೆರ್‌ಖೇವಿಂಗ್ಸ್‌ಖೆಜಿಂಡ್” ಎಂದು ಉದ್ದನೆಯ ಶಬ್ದವೊಂದನ್ನು ಬಿಡಿಸಿ ಬಿಡಿಸಿ ಹೇಳಿದಳು.

“ಹಂಗಂದ್ರ ಏನವ್ವಾ?”

“ಕ್ಷಮಿಸೋದು, ಅಜ್ಜ. ನಾವು ತಪ್ಪಾಗಿ ಹೊಡೆದ್ರೂ ಕ್ಷಮಿಸೋ ಐರನ್. ಹೊಸದಾಗಿ ಕಲಿಯೋರಿಗೆ, ಸ್ವಲ್ಪ ಸ್ವಲ್ಪ ಬರೋರಿಗೆ ಅದೇ ಬೆಸ್ಟ್ ಅಂತೆ.”

ಬಸವಂತಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. “ಕಬ್ಬಿಣ ಕ್ಷಮಿಸ್ತೈತಂತ,” ಎಂದರು. “ನಲವತ್ತು ವರ್ಷ ಕಬ್ಬಿಣದಾಗ ಇದ್ದೆ, ನಾ ಕೇಳಿಲ್ಲ.” ಎದ್ದು ಕೈ ತೊಳೆದು ಮೇಲೆ ಹೋದರು. ತನಗೇ ಚುಚ್ಚಿದರೆಂದು ನಿತಿನ್ ತಿಳಿದುಕೊಂಡ. ಸಿಂಧೂರಳೂ ಹಾಗೇ ತಿಳಿದುಕೊಂಡಳು.

ಮರುದಿನ ಬಸವಂತಪ್ಪ ಹಿತ್ತಲಿನ ಸೈಕಲ್ ಶೆಡ್ಡಿಗೆ ಹೋಗಿ ಗಾಲ್ಫ್ ಚೀಲ ಬಿಚ್ಚಿದರು. ಶಾಲೆಯಿಂದ ಬಂದ ಅಕ್ಷಯಾ ಹುಡುಕಿಕೊಂಡು ಹೋದಾಗ ಒಂದು ಕೋಲನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿಯುತ್ತಿದ್ದರು.

“ಇದು ಎರಕ ಹೊಯ್ದದ್ದಲ್ಲ, ಯವ್ವಾ. ಕಾಸಿ ಬಡಿದು ಮಾಡ್ಯಾರ. ತೂಕೆಲ್ಲ ನಡುವ ಐತಿ. ನಡುವ ಹೊಡದರ ಬೆಣ್ಣಿ ಇದ್ದಂಗ. ತುದಿಗೆ ಬಿದ್ದರ ಕೈ ಝುಮ್ ಅಂತೈತಿ.”

“ಮತ್ತೆ ಕ್ಷಮಿಸೋದು ಹೇಗಿರತ್ತೆ?”

“ಅದನ್ನ ನೋಡಬೇಕು,” ಎಂದರು.

ಅಂಗಡಿಗಳು ಆಗ ಅಪಾಯಿಂಟ್‌ಮೆಂಟ್ ಇದ್ದರಷ್ಟೇ ಬಾಗಿಲು ತೆರೆಯುತ್ತಿದ್ದವು. ಶನಿವಾರ ಹನ್ನೊಂದಕ್ಕೆ ಐಂಡ್‌ಹೋವನ್ ಹೊರವಲಯದ ಗಾಲ್ಫ್ ಅಂಗಡಿಯಲ್ಲಿ ನಿತಿನ್‌ಗೆ ಸಮಯ ಸಿಕ್ಕಿತು. ಹೊರಡುವಾಗ ನೋಡಿದರೆ ಬಸವಂತಪ್ಪ ಕೋಟು, ಟೊಪ್ಪಿಗೆ, ಮಾಸ್ಕ್ ಎಲ್ಲ ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದರು. ನಿತಿನ್ ಕಾರು ಶುರುಮಾಡಿದ.

ಅಂಗಡಿಯ ಎತ್ತರದ ಹೆಂಗಸು ನಿತಿನ್‌ನನ್ನು ಬಲೆಯ ಮುಂದೆ ನಿಲ್ಲಿಸಿ, ಅವನ ಹಳೆಯ ಕೋಲಿನ ಮುಖಕ್ಕೆ ಬಿಳಿ ಪುಡಿ ಸಿಂಪಡಿಸಿದಳು. ಚೆಂಡು ತಗುಲಿದ ಕಡೆ ಪುಡಿ ಹೋಗಿ ದುಂಡಗೆ ಗುರುತು ಉಳಿಯುತ್ತದೆ. ನಿತಿನ್ ಹೊಡೆದ. ಚೆಂಡು ಸೊಟ್ಟಗೆ ಹೋಯಿತು, ಅವನು ಮಣಿಕಟ್ಟು ಒದರಿಕೊಂಡ. ಗುರುತು ತುದಿಯಲ್ಲಿತ್ತು. ಆಮೇಲೆ ಅವಳು ಬೇರೊಂದಕ್ಕೆ ಪುಡಿ ಸಿಂಪಡಿಸಿ ಕೊಟ್ಟಳು. ದಪ್ಪ ಅಡಿ, ಅಗಲ ತಲೆ, ಹಿಂಭಾಗದಲ್ಲಿ ಗುಳಿ. ನಿತಿನ್ ಹೊಡೆದ. ಪರದೆಯ ಮೇಲಿನ ಹಸಿರು ಮೈದಾನದಲ್ಲಿ ಚೆಂಡು ಹೆಚ್ಚುಕಡಿಮೆ ನೆಟ್ಟಗೆ ಹೋಗಿ ಬಿತ್ತು. ಇನ್ನೊಂದು, ಅದೂ ನೆಟ್ಟಗೆ. ಮಾಸ್ಕಿನೊಳಗೆ ನಿತಿನ್ ನಕ್ಕದ್ದು ಕಣ್ಣಿನಲ್ಲಿ ಕಂಡಿತು.

ಬಸವಂತಪ್ಪ ಎದ್ದು ಬಂದು ಎರಡೂ ಕೋಲುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಹೊಸದನ್ನು ತಿರುವಿ ಗುಳಿಯಲ್ಲಿ ಹೆಬ್ಬೆರಳು ಆಡಿಸಿದರು. “ಇದು ಎರಕ. ನಡುವಿಂದ ತಗದು ಸುತ್ತ ಅಂಚಿಗೆ ತೂಕ ಹಾಕ್ಯಾರ, ಗಾಲಿಗೆ ಹಾಕಿದಂಗ. ಅದಕ್ಕ ತಿರುಚೂದಿಲ್ಲ.” ಮತ್ತೆ ಮುಖದ ಪುಡಿ ನೋಡಿದರು. “ಆದರ ಯವ್ವಾ, ಪೆಟ್ಟು ಇದರಾಗೂ ತುದಿಗೇ ಬಿದ್ದೈತೆಲ್ಲ?”

ಅಕ್ಷಯಾ ಆ ಹೆಂಗಸನ್ನು ಕೇಳಿ ಬಂದಳು. “ಹೌದಂತೆ ಅಜ್ಜ. ಪಪ್ಪಾ ತಪ್ಪಾಗೇ ಹೊಡೆದಿದ್ದಂತೆ. ಆದ್ರೆ ಇದ್ರಲ್ಲಿ ಕೈಗೆ ಗೊತ್ತಾಗಲ್ವಂತೆ. ನೋವೇ ಆಗಲ್ವಂತೆ.”

“ಮತ್ತ ನೋವು ಎಲ್ಲಿ ಹೋಗ್ತೈತಿ?”

ಅದನ್ನು ಡಚ್‌ನಲ್ಲಿ ಹೇಗೆ ಕೇಳಬೇಕೆಂದು ಅಕ್ಷಯಾಳಿಗೆ ತಿಳಿಯಲಿಲ್ಲ. ಬಸವಂತಪ್ಪ ಕೋಲುಗಳನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು.

ಮುದುಕರಿಗೆ ಏನಾಯಿತೋ ಎಂದು ನಿತಿನ್ ಹಿಂದೆಯೇ ಓಡಿದ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬೆಂಚು. ಬಸವಂತಪ್ಪ ಕೂತು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

“ನಿತಿನ್ಯಾ.”

ನಾಲ್ಕು ತಿಂಗಳ ಮೇಲೆ ಆ ಹೆಸರು. ನಿತಿನ್ ನಿಂತೇ ಇದ್ದ.

“ಕೂಡು.” ಅವನು ಬೆಂಚಿನ ಇನ್ನೊಂದು ತುದಿಗೆ ಕೂತ.

“ನಿಮ್ಮವ್ವ ಕಡೀ ಸಲ ರೊಟ್ಟಿ ಬಡದಳಲ್ಲ, ಆ ಹಿಟ್ಟು ರುದ್ರಪ್ಪನ ಮನೀದಲ್ಲ. ನೀವಿಬ್ರೂ ಮ್ಯಾಲ ಮೀಟಿಂಗಿನ್ಯಾಗ ಇದ್ರಿ. ನಾ ಟ್ರೇನ್ ಹತ್ತಿ ದ ಹೇಗ್ ಊರಿನ ಇಂಡಿಯನ್ ಅಂಗಡಿಗೆ ಹೋಗಿದ್ದೆ.”

“ಒಬ್ರೇ?”

“ಒಬ್ನೇ. ಅಂಗಡಿಯಂವ ಹಿಂದಿನ ಖೋಲ್ಯಾಗ ಚಾ ಕೊಟ್ಟ. ಎಂಟು ತಿಂಗಳಾಗಿತ್ತು ಹೊರಗಿನ ಮನಷ್ಯಾನ ಜೋಡಿ ಕೂತು ಚಾ ಕುಡದು. ಮಾಸ್ಕ್ ತಗದೆ. ಅಂವ ಕೆಮ್ಮತಿದ್ದ. ಒಂದು ವಾರಕ್ಕ ನನ್ನ ಮೂಗು ಹೋತು. ರೊಟ್ಟಿ ಸೀದದ್ದು ಅದಕ್ಕ ಗೊತ್ತಾಗಲಿಲ್ಲ.”

ನಿತಿನ್ ಅಪ್ಪನ ಮುಖ ನೋಡುತ್ತಿದ್ದ.

“ಅದು ಶುಕ್ರವಾರ. ನೀ ಗಾಲ್ಫಿಗೆ ಹೋದದ್ದು ಅದಾದ ಮ್ಯಾಲಿನ ರವಿವಾರ.”

“ಯಾಕ ಹೇಳಲಿಲ್ಲ?”

“ಹೇಳಿದರ ಟೆಸ್ಟ್ ಮಾಡಿಸ್ತಿದ್ದಿ. ಟಿಕೆಟ್ ಹೋಗತಿತ್ತು. ನಿಮ್ಮವ್ವ ಊರು, ಊರು ಅಂತ ಹಗಲೆಲ್ಲ ಜಪ ಮಾಡತಿದ್ಳು. ಸಣ್ಣ ನೆಗಡಿ, ಹೋಗ್ತೈತಿ ಅಂದ್ಕೊಂಡೆ.”

“ಅವ್ವಗ ಗೊತ್ತಿತ್ತೇನು?”

“ಅಕಿಗಷ್ಟ ಗೊತ್ತಿತ್ತು. ಹೇಳ್ರಿ ಅವಗ ಅಂದ್ಳು. ನಾ ಹೇಳಲಿಲ್ಲ.”

ನಿಮ್ಮಪ್ಪಗ ಏನೂ ಅನಬ್ಯಾಡ. ತಾಯಿಯ ಆ ಮಾತಿನ ಅರ್ಥ ಏನಿತ್ತೆಂದು ನಿತಿನ್‌ಗೆ ಆ ಬೆಂಚಿನ ಮೇಲೆ ತಿಳಿಯಿತು.

“ನಾಕು ತಿಂಗಳು, ಅಪ್ಪಾ.”

“ಹೂಂ.”

“ನಾಕು ತಿಂಗಳು ನೀವು ನನ್ನ ಮಾರಿ ನೋಡಲಿಲ್ಲ.”

“ಹ್ಯಾಂಗ ನೋಡ್ಲೋ?” ಎಂದರು ಬಸವಂತಪ್ಪ. “ಯಾವ ಮಾರಿ ಇಟಗೊಂಡು ನೋಡ್ಲಿ?”

ನಿತಿನ್ ಎದ್ದ. ಒಳಗೆ ಹೋಗಿ, ಆ ಗುಳಿ ಬಿದ್ದ ಐರನ್‌ಗಳ ಸೆಟ್ಟಿಗೆ ಕಾರ್ಡ್ ಉಜ್ಜಿ, ಮಗಳ ಕೈ ಹಿಡಿದು ಹೊರಗೆ ಬಂದ. ಮನೆ ಮುಟ್ಟುವವರೆಗೆ ಕಾರಿನಲ್ಲಿ ಮಾತಾಡಿದ್ದು ಅಕ್ಷಯಾ ಒಬ್ಬಳೇ.

ಸಂಜೆ ಪಾತ್ರೆ ತೊಳೆಯುತ್ತಿದ್ದ ಸಿಂಧೂರಳಿಗೆ ಅವನು ಎಲ್ಲ ಹೇಳಿದ. ಅವಳು ನಲ್ಲಿ ನಿಲ್ಲಿಸಿ ಒದ್ದೆ ಕೈಯಲ್ಲೇ ನಿಂತಳು.

“ಭಾನುವಾರ ಹೋಗಿ ಸೋಮವಾರಕ್ಕೆ ಕೆಮ್ಮು ಬರತ್ತಾ, ನಿತಿನ್? ಇಬ್ರೂ ಇಂಜಿನಿಯರ್‌ಗಳು ನಾವು. ಒಂದು ದಿನ ಕೂತು ಲೆಕ್ಕ ಹಾಕ್ಲಿಲ್ವಲ್ಲ.” ಆಮೇಲೆ ಅಂದಳು, “ನಾನೂ ನಿಂಗೆ ಬಾಯಿಗೆ ಬಂದ ಹಾಗೆ ಅಂದೆ.”

“ಬಿಡು.”

“ಮಾವನ ಹತ್ರ ಮಾತಾಡು.”

“ಏನ್ ಮಾತಾಡ್ಲಿ? ದಿನಾ ಅಮ್ಮನ್ನ ಕೊಂದೋನು ನಾನು ಅಂದ್ಕೊಂಡು ಈ ಮೇಜಲ್ಲಿ ಕೂತು ಊಟ ಮಾಡಿದೀನಿ. ಅವ್ರು ಎದುರುಗಡೆ ಕೂತು ನೋಡಿದ್ರು.”

ಆವತ್ತಿನಿಂದ ಮಾತು ಬಿಟ್ಟವನು ನಿತಿನ್. ಅಕ್ಷಯಾಳ ಕೆಲಸ ತಪ್ಪಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. “ಅಜ್ಜನಿಗೆ ಹೇಳು, ಊಟಕ್ಕೆ ಬರ್ಬೇಕು ಅಂತ.” “ಅಜ್ಜನಿಗೆ ಹೇಳು, ಹೀಟರ್ ಆರಿಸ್ಬೇಡಿ ಅಂತ.” ಒಂದು ದಿನ ಹುಡುಗಿ ಬೇಸತ್ತು, “ಈಗ ಯಾರು ಯಾರ ಮೇಲೆ ಸಿಟ್ಟು? ನಂಗೆ ಕನ್‌ಫ್ಯೂಸ್ ಆಗ್ತಿದೆ,” ಎಂದಳು.

ಹೊಸ ಐರನ್‌ಗಳು ನಿತಿನ್‌ನ ಕೈಗೆ ಒಗ್ಗಿದವು. ಚೆಂಡು ಕೆರೆಗೆ ಹೋಗುವುದು ನಿಂತಿತು. ಈಗ ಅವನು ತನ್ನದೇ ಕಾರಿನಲ್ಲಿ ಹೋಗಿ ಬರುತ್ತಿದ್ದ. ಏಪ್ರಿಲ್ ಎರಡನೆಯ ವಾರ ಖಾಯಂ ಕಾಂಟ್ರ್ಯಾಕ್ಟಿನ ಪತ್ರ ಬಂತು. ಸಿಂಧೂರ ಕೇಸರಿಬಾತು ಮಾಡಲು ರವೆ ತೆಗೆದವಳು, ಮತ್ತೆ ಒಳಗಿಟ್ಟಳು.

ಅದೇ ವಾರ ಬಸವಂತಪ್ಪ ಸೊಸೆಗೆ ಹೇಳಿ ಇಪ್ಪತ್ನಾಲ್ಕನೆಯ ತಾರೀಖಿಗೆ ಟಿಕೆಟ್ ತೆಗೆಸಿದರು. ಬೆಳಗಾವಿಯಲ್ಲಿ ತಮ್ಮನಾದ ಗುಂಡಪ್ಪನ ಮನೆಯಲ್ಲಿ ಇರುವುದಾಗಿ ಹೇಳಿದರು. ಟಿವಿಯಲ್ಲಿ ಊರಿನ ಸುದ್ದಿ ನೋಡಲಾಗುತ್ತಿರಲಿಲ್ಲ. ಆಕ್ಸಿಜನ್ ಸಿಲಿಂಡರಿಗೆ ಸಾಲು, ಸುಡುವುದಕ್ಕೂ ಸಾಲು.

“ಮಾವ, ಈಗ ಹೋಗೋದು ಬೇಡ. ಅಲ್ಲಿ ಹೇಗಿದೆ ನೋಡಿ,” ಎಂದು ಸಿಂಧೂರ ಅತ್ತಳು.

“ನಿಮ್ಮಪ್ಪ ಇರ್ರಿ ಅಂದ್ರ ಇರ್ತೀನಿ,” ಎಂದು ಬಸವಂತಪ್ಪ ಮೊಮ್ಮಗಳಿಗೆ ಹೇಳಿದರು.

ಸಿಂಧೂರ ಮೇಲೆ ಹೋಗಿ ಗಂಡನ ಲ್ಯಾಪ್‌ಟಾಪ್ ಮುಚ್ಚಿದಳು. “ಒಂದ್ ಮಾತು, ನಿತಿನ್. ಇರಿ ಅಂತ ಒಂದೇ ಮಾತು. ಅರ್ಜಿ ನಾನೇ ತುಂಬ್ತೀನಿ. ಎಪ್ಪತ್ತೊಂದು ವರ್ಷ ಅವ್ರಿಗೆ, ಅಲ್ಲಿ ಏನಾದ್ರೂ ಆದ್ರೆ?”

“ಅಮ್ಮ ಹೇಳಿ ಹೋಗಿದಾರೆ, ಅವ್ರಿಗೆ ಏನೂ ಅನ್ಬೇಡ ಅಂತ. ಏನೂ ಅಂತಿಲ್ಲ ನಾನು.”

“ಅದರ ಅರ್ಥ ಅದಲ್ಲ ಅಂತ ನಿಂಗೆ ಚೆನ್ನಾಗಿ ಗೊತ್ತು.”

ಅವನು ಲ್ಯಾಪ್‌ಟಾಪ್ ತೆರೆದ.

ಹೊರಡುವ ಹಿಂದಿನ ದಿನ ಬಸವಂತಪ್ಪ ಹಲಗೆಯ ಮೇಲಿನ ಡಬ್ಬಿ ಇಳಿಸಿ, ಬಿಸಿನೀರು ಹಾಕಿ ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತರು. ಜನ್ಮದಲ್ಲಿ ಬಡಿದವರಲ್ಲ. ಎತ್ತುವಾಗ ಹರಿಯಿತು, ಬೇಯಿಸುವಾಗ ಸೀಳಿತು. ಹೇಗೋ ನಾಲ್ಕಾದವು. ತವೆಯ ಮುಂದಿನಿಂದ ಅವರು ಒಂದು ಗಳಿಗೆಯೂ ಅಲುಗಲಿಲ್ಲ, ಒಂದೂ ಸೀಯಲಿಲ್ಲ.

“ನಿಮ್ಮಪ್ಪಗ ಹಾಕು, ಯವ್ವಾ.”

ಅಕ್ಷಯಾ ತುಂಡು ಮುರಿದು ಬಾಯಿಗಿಟ್ಟು ಉಗಿದಳು. “ಈ! ಕಹಿ!” ಆರು ತಿಂಗಳ ಹಿಟ್ಟು, ಕೆಟ್ಟು ಹೋಗಿತ್ತು. ಬಸವಂತಪ್ಪ ತಟ್ಟೆ ತೆಗೆಯಲು ಕೈ ಚಾಚಿದರು. ನಿತಿನ್ ತಟ್ಟೆ ಬಿಡಲಿಲ್ಲ. ರೊಟ್ಟಿಯನ್ನು ಪೂರ್ತಿ ತಿಂದ, ಒಂದು ಚೂರೂ ಉಳಿಸಲಿಲ್ಲ. ಈಗ ಮಾತಾಡುತ್ತಾನೆ, ಈಗ ಮಾತಾಡುತ್ತಾನೆ ಎಂದು ಸಿಂಧೂರ ಬಾಗಿಲಲ್ಲಿ ನಿಂತು ಕಾದಳು. ಅವನು ತಟ್ಟೆ ತೊಳೆದಿಟ್ಟು ಮೇಲೆ ಹೋದ.

ಶನಿವಾರ ಬೆಳಿಗ್ಗೆ ಬಸವಂತಪ್ಪ ಸ್ಮಶಾನಕ್ಕೆ ಹೋಗಿ ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಸ್ಕಿಪೋಲ್ ವಿಮಾನ ನಿಲ್ದಾಣ ಅರ್ಧ ಖಾಲಿ. ತಪಾಸಣೆಯ ಗಾಜಿನ ಬಾಗಿಲಿನ ಮುಂದೆ ನೆಲಕ್ಕೆ ಅಂಟಿಸಿದ್ದ ಹಳದಿ ಪಟ್ಟಿಯ ಆಚೆ ಬಸವಂತಪ್ಪ, ಈಚೆ ನಿತಿನ್. ನಡುವೆ ಒಂದೂವರೆ ಮೀಟರ್. ಸಿಂಧೂರ ಮಾವನ ಕಾಲಿಗೆ ನಮಸ್ಕಾರ ಮಾಡಿ ಕಣ್ಣೊರೆಸಿಕೊಂಡಳು.

ಬಸವಂತಪ್ಪ ಹೊರಡಲಿಲ್ಲ. ಚೀಲದ ಹಿಡಿಕೆ ಹಿಡಿದು ಮಗನನ್ನೇ ನೋಡುತ್ತ ನಿಂತರು. ಈಗ ಆ ಮುಖ ನೋಡಲು ಅವರಿಗೆ ಆಗುತ್ತಿತ್ತು. ನಿತಿನ್ ಬಾಯಿ ತೆರೆದವನು ಮಗಳ ಕಡೆ ಬಗ್ಗಿದ.

“ಅಜ್ಜನಿಗೆ ಹೇಳು. ಮುಟ್ಟಿದ ಮೇಲೆ ಫೋನ್ ಮಾಡ್ಬೇಕು ಅಂತ.”

“ಅಜ್ಜ, ಮುಟ್ಟಿದ್ಮೇಲೆ ಫೋನ್ ಮಾಡ್ಬೇಕಂತೆ.”

ಬಸವಂತಪ್ಪ ತಲೆಯಾಡಿಸಿದರು. “ಯಾರಿಗಂತ ಕೇಳವ್ವಾ.”

ಅಕ್ಷಯಾ ಅಪ್ಪನ ಕಡೆ ತಿರುಗಿದಳು. ನಿತಿನ್ ವಿಮಾನಗಳ ಹೊತ್ತು ತೋರಿಸುವ ಹಲಗೆಯನ್ನು ನೋಡುತ್ತಿದ್ದ. ಅವಳು ಅವನ ತೋಳು ಎಳೆದಳು, ಇನ್ನೊಮ್ಮೆ ಎಳೆದಳು. ಹಿಂದೆ ಸಾಲಿನಲ್ಲಿ ನಿಂತವರು ಚೀಲ ಮುಂದಕ್ಕೆ ತಳ್ಳಿದರು.

ಹುಡುಗಿ ಅಜ್ಜನ ಕಡೆ ತಿರುಗಿ, ಅಪ್ಪ ಹೇಳದ ಉತ್ತರವನ್ನು ತಾನೇ ಹೇಳಿದಳು.

“ನಂಗೆ, ಅಜ್ಜ.”